ಉಪಕರಣ ಸಂಖ್ಯೆ 114: ಒಂದು ಹಿತ್ತಾಳೆ ಸೇರು

ನಾಲ್ಕು ತಾಲ್ಲೂಕುಗಳ ಶಿಕ್ಷಕರ ತರಬೇತಿ ಘಟಕ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು)
ಕಾರ್ಯಸ್ಥಳ: ಚನ್ನಗಿರಿ, ಹಳೆಯ ಉಗ್ರಾಣದ ಮೇಲ್ಮಹಡಿ

ಸಂಖ್ಯೆ: ನಾತಾಶಿತಘ/ಫ್ಲಿಪ್/ಸೇರು/01/2025-26
ದಿನಾಂಕ: 17-11-2025, ಸೋಮವಾರ

ಸುತ್ತೋಲೆ

ವಿಷಯ: ಫ್ಲಿಪ್ಡ್ ಕ್ಲಾಸ್‌ರೂಮ್ ಪದ್ಧತಿಯನ್ನು ಕಲಿಯುತ್ತಿರುವ ಶಿಕ್ಷಕರು ಪಾಲಿಸಬೇಕಾದ ಕ್ರಮಗಳು ಹಾಗೂ ಶ್ರೀಮತಿ ಕಲ್ಲಮ್ಮ ಅವರ ಸೇರನ್ನು ದಿನಾಂಕ 23-11-2025ರ ಮದುವೆಯೊಳಗೆ ಹಿಂದಿರುಗಿಸುವ ಕುರಿತು.

ಉಲ್ಲೇಖ:
1. ಫ್ಲಿಪ್ಡ್ ಕ್ಲಾಸ್‌ರೂಮ್ ಜಾರಿ ಕುರಿತು ಮೇಲಿನ ಕಚೇರಿಯ ಸುತ್ತೋಲೆ (ಓದಲಾಗಿದೆ).
2. ಸದರಿ ಸುತ್ತೋಲೆಗೆ ಮೇಲಿನ ಕಚೇರಿಯ ಸ್ಪಷ್ಟೀಕರಣ (ಓದಲಾಗಿದೆ, ಸ್ಪಷ್ಟವಾಗಿರುವುದಿಲ್ಲ).
3. ಗಣಿತ ಶಿಕ್ಷಕರಾದ ಶ್ರೀ ತಿಮ್ಮೇಶ್ ಅವರ ಮನವಿ, ದಿನಾಂಕ 27-10-2025 (ನಿಗದಿತ ನಮೂನೆಯಲ್ಲಿ ಇರುವುದಿಲ್ಲ).
4. ಶ್ರೀಮತಿ ಕಲ್ಲಮ್ಮ ಅವರ ಬಾಯಿಮಾತಿನ ದೂರು, ಇಂದು ಬೆಳಿಗ್ಗೆ, ಕಚೇರಿ ಹೊರಗಿನ ಬೆಂಚಿನ ಮೇಲೆ.

ಪ್ರಸ್ತಾವನೆ:

ಈ ಕಚೇರಿಯು ಇಂದು ಬೆಳಿಗ್ಗೆ ಹತ್ತು ಗಂಟೆಗೆ ಎಂದಿನಂತೆ ತೆರೆದಿರುತ್ತದೆ. ಕೆಳಸಹಿದಾರರು (ಈ ಸುತ್ತೋಲೆಗೆ ಕೆಳಗೆ ಸಹಿ ಮಾಡಿರುವವರು) ಹದಿಮೂರು ದಿನಗಳ ರಜೆಯ ನಂತರ ಎಂದಿನಂತೆ ಕರ್ತವ್ಯಕ್ಕೆ ಹಾಜರಾಗಿರುತ್ತಾರೆ. ರಜೆಗೆ ಕಾರಣ, ಉಲ್ಲೇಖ 3ರಲ್ಲಿನ ಶ್ರೀ ತಿಮ್ಮೇಶ್ ಅವರು ದಿನಾಂಕ 04-11-2025ರಂದು ಎದೆನೋವಿನಿಂದ ತೀರಿಕೊಂಡದ್ದು. ಅವರು ಕೆಳಸಹಿದಾರರ ಪತಿ. ಮಣ್ಣು ಮಾಡುವುದು, ಹನ್ನೊಂದನೇ ದಿನದ ಕಾರ್ಯ, ನೆಂಟರನ್ನು ಬಸ್ಸು ಹತ್ತಿಸುವುದು, ಎಲ್ಲವೂ ಮುಗಿದಿರುತ್ತವೆ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಲಾಗಿದೆ. ಫ್ಯಾನು ಎಂದಿನಂತೆ ಎರಡರಲ್ಲಿ ಮಾತ್ರ ತಿರುಗುತ್ತದೆ.

ಕಚೇರಿ ತೆರೆಯುವ ಮೊದಲೇ ಶ್ರೀಮತಿ ಕಲ್ಲಮ್ಮ (63 ವರ್ಷ, ಅಡಿಕೆ ಸುಲಿಯುವ ಕೆಲಸ) ಅವರು ನಲ್ಲೂರಿನ ಕಡೆಯಿಂದ ಬರುವ ಮೊದಲ ಬಸ್ಸಿಗೆ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಬೆಳಗಿನಿಂದ ಕೆಳಸಹಿದಾರರೊಡನೆ ಸಾವಿನ ವಿಷಯ ತೆಗೆಯದೆ ಮಾತನಾಡಿದ ಮೊದಲ ವ್ಯಕ್ತಿ ಇವರಾಗಿದ್ದು, ಇವರ ದೂರನ್ನು ಇದ್ದಂತೆಯೇ ದಾಖಲಿಸಲಾಗಿದೆ:

"ನಿನ್ನ ಗಂಡ ಪಾಠಕ್ಕೆ ಬೇಕು ಅಂತ ನಮ್ಮನೆ ಸೇರು ಇಸ್ಕೊಂಡೋಗಿದ್ದ ತಾಯಿ. ಬರೋ ಭಾನುವಾರ ಮೊಮ್ಮಗನ ಮದುವೆ ಐತೆ. ಹೊಸ ಸೊಸೆ ಸೇರು ಒದ್ದು ಒಳಗೆ ಬರ್ಬೇಕು. ನಾನು ಅದನ್ನೇ ಒದ್ದು ಬಂದೋಳು, ನಮ್ಮತ್ತೇನೂ ಅದನ್ನೇ ಒದ್ದು ಬಂದೋಳು. ಈಗಿನ ಹುಡುಗ್ರು ಅಂಗಡಿಯಾಗೆ ಹೊಸದು ತರಾಕೆ ಹೊಂಟಾರೆ. ಹೊಸದನ್ನ ಯಾರು ಬೇಕಾದ್ರೂ ಒದೀತಾರೆ. ನಮ್ಮದು ಸಿಗ್ತದೋ ಇಲ್ವೋ, ಒಂದು ಮಾತು ಹೇಳಿಬಿಡು."

ಸದರಿ ಸೇರು ಈ ಕಚೇರಿಯ ಬೀರುವಿನಲ್ಲಿ ಇದೆ. ಆದರೆ ಇದು ಈಗ ಸೇರಾಗಿರದೆ, ದಾಸ್ತಾನು ಪುಸ್ತಕದ ಉಪಕರಣ ಸಂಖ್ಯೆ 114 ಆಗಿರುತ್ತದೆ. ದಾಸ್ತಾನು ನಿಯಮ 6ರ ಪ್ರಕಾರ ಎರವಲು ತಂದ ವಸ್ತುವನ್ನು "ಪಡೆದವರೇ ಖುದ್ದಾಗಿ ಹಿಂದಿರುಗಿಸತಕ್ಕದ್ದು". ಪಡೆದವರು ಖುದ್ದಾಗಿ ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಆದ್ದರಿಂದ ನಿಯಮವನ್ನೇ ತಿದ್ದಬೇಕಾಗಿದೆ.

ಒಂದು ಸೇರಿಗಾಗಿ ಪ್ರತ್ಯೇಕ ಸುತ್ತೋಲೆ ಹೊರಡಿಸಲು ಅವಕಾಶವಿಲ್ಲ. ಅಲ್ಲದೆ ಹತ್ತು ಅಂಶಗಳಿಗಿಂತ ಕಡಿಮೆ ಇರುವ ಸುತ್ತೋಲೆಯನ್ನು ಮೇಲಿನ ಕಚೇರಿಯು ಸುತ್ತೋಲೆ ಎಂದು ಒಪ್ಪದೆ, ಟಿಪ್ಪಣಿ ಎಂದು ಪರಿಗಣಿಸಿ ಕಡತದಲ್ಲಿ ಇಡುತ್ತದೆ. ಆದುದರಿಂದ ಈ ಪದ್ಧತಿಯ ಬಗ್ಗೆ ಜೂನ್ ತಿಂಗಳಿಂದ ಬಂದು ಬಿದ್ದಿರುವ ಎಲ್ಲ ದೂರುಗಳನ್ನೂ ಒಟ್ಟಿಗೆ ಸೇರಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಫ್ಲಿಪ್ಡ್ ಕ್ಲಾಸ್‌ರೂಮ್ ಎಂದರೆ: ಶಿಕ್ಷಕರು ಪಾಠವನ್ನು ಎಂಟು ನಿಮಿಷದ ವಿಡಿಯೊ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುವುದು, ಮಕ್ಕಳು ಅದನ್ನು ಮನೆಯಲ್ಲಿ ನೋಡಿಕೊಂಡು ಬರುವುದು, ಮರುದಿನ ಶಾಲೆಯಲ್ಲಿ ಲೆಕ್ಕ ಬಿಡಿಸುವುದು, ಅನುಮಾನ ಕೇಳುವುದು. ಇಷ್ಟೇ. ಇದನ್ನು ತಿಳಿಸಲು ಐದು ದಿನಗಳ ತರಬೇತಿ ನಡೆಸಲಾಯಿತು. ಐದೂ ದಿನ ತರಬೇತುದಾರರು ನಿಂತು ಮಾತನಾಡಿದರು, ಶಿಕ್ಷಕರು ಕುಳಿತು ಕೇಳಿದರು, ಅಭ್ಯಾಸವನ್ನು ಮನೆಯಲ್ಲಿ ಮಾಡಿಕೊಂಡು ಬರಲು ತಿಳಿಸಲಾಯಿತು. ಈ ಬಗ್ಗೆ ನಾಲ್ಕು ತಾಲ್ಲೂಕುಗಳ ಯಾವ ಶಿಕ್ಷಕರೂ ಏನೂ ಅಂದಿರುವುದಿಲ್ಲ.

2. ಸ್ವೀಕೃತವಾದ ಅರವತ್ತೊಂದು ವಿಡಿಯೊಗಳನ್ನು ಪರಿಶೀಲಿಸಲಾಗಿ, ಬಹುಪಾಲು ವಿಡಿಯೊಗಳು ಪ್ರಾರ್ಥನೆಯಿಂದ ಆರಂಭವಾಗಿ ವಂದನಾರ್ಪಣೆಯಿಂದ ಮುಗಿದಿರುತ್ತವೆ. ಜಗಳೂರು ತಾಲ್ಲೂಕಿನ ಶ್ರೀ ಚಿತ್ತಪ್ಪ ಮೇಷ್ಟ್ರ "ಎಲೆಯ ಭಾಗಗಳು" ವಿಡಿಯೊದಲ್ಲಿ ಪ್ರಾರ್ಥನೆ ಎರಡು ನಿಮಿಷ, ಸ್ವಾಗತ ಒಂದೂವರೆ ನಿಮಿಷ, ದೀಪ ಬೆಳಗಿಸುವುದು (ಗಾಳಿಯಿಂದಾಗಿ ಮೂರು ಸಲ) ಎರಡು ನಿಮಿಷ, ಶಾಲಾ ಸಮಿತಿ ಅಧ್ಯಕ್ಷರ ಎರಡು ಹಿತನುಡಿ ಎರಡು ನಿಮಿಷ ನಡೆದಿದ್ದು, ಎಲೆಗೆ ಹದಿನಾಲ್ಕು ಸೆಕೆಂಡು ದೊರೆತಿರುತ್ತದೆ. ಆ ಹದಿನಾಲ್ಕು ಸೆಕೆಂಡಿನಲ್ಲೂ ಎಲೆಯನ್ನು ಅಧ್ಯಕ್ಷರಿಗೆ ಗೌರವಪೂರ್ವಕವಾಗಿ ನೀಡಲಾಗಿದೆ. ವಿವರಣೆ ಕೇಳಲಾಗಿ, ಸದರಿ ಮೇಷ್ಟ್ರು ಹೀಗೆ ತಿಳಿಸಿರುತ್ತಾರೆ: "ಕಾರ್ಯಕ್ರಮ ಅಂದ್ಮೇಲೆ ಸ್ವಾಗತ ಇಲ್ದೆ ಹೆಂಗೆ ಶುರು ಮಾಡಾದ್ರಿ? ಮಕ್ಳು ಏನಂದ್ಕಂತಾರೆ?"
ಈ ಮೂಲಕ ಸೂಚಿಸುವುದೇನೆಂದರೆ, ದೀಪವನ್ನು ಮೊದಲೇ ಹೊತ್ತಿಸಿಕೊಂಡು ವಿಡಿಯೊದಲ್ಲಿ ಉರಿಯುತ್ತಿರುವಂತೆ ತೋರಿಸಬಹುದು. ವಂದನಾರ್ಪಣೆಯನ್ನು ನಾಲ್ಕು ತಾಲ್ಲೂಕುಗಳಿಗೂ ಸೇರಿಸಿ ವರ್ಷಕ್ಕೊಮ್ಮೆ ಮಾಡತಕ್ಕದ್ದು. ಶಾಲಾ ಸಮಿತಿ ಅಧ್ಯಕ್ಷರ ಹಿತನುಡಿಗಳು ಎರಡು ಎಂದಿದ್ದಲ್ಲಿ ಎರಡೇ ಇರತಕ್ಕದ್ದು.

3. ವಿಡಿಯೊದಲ್ಲಿ ಹಾಜರಿ ಕೂಗತಕ್ಕದ್ದಲ್ಲ. ಹೊನ್ನಾಳಿ ತಾಲ್ಲೂಕಿನ ಒಬ್ಬ ಶಿಕ್ಷಕರು ಮೂವತ್ತೆಂಟು ಮಕ್ಕಳ ಹೆಸರು ಕರೆದು, ಪ್ರತಿ ಹೆಸರಿಗೂ ಉತ್ತರ ಬರುವಷ್ಟು ಹೊತ್ತು ಮೊಬೈಲಿನ ಮುಂದೆ ಕಾದು, ಹದಿನೇಳನೇ ಹೆಸರಿಗೆ ಬಂದಾಗ ರೂಢಿಯಂತೆ "ಇವ್ನು ಬಂದಿರಲ್ಲ ಬಿಡ್ರಿ" ಎಂದಿರುತ್ತಾರೆ. ಸದರಿ ವಿದ್ಯಾರ್ಥಿಯ ತಂದೆ ಮರುದಿನ ಶಾಲೆಗೆ ಬಂದು, "ಹುಡುಗ ಬಚ್ಚಲದಾಗಿದ್ದ. ಅಲ್ಲಿಂದ್ಲೇ ಹಾಜರ್ ಸಾರ್ ಅಂತ ಕೂಗಿದಾನೆ, ಬೇಕಾದ್ರೆ ಪಕ್ಕದ ಮನೆಯೋರ್ನ ಕೇಳ್ರಿ. ಮನ್ಯಾಗೇ ಇದ್ದೋನಿಗೆ ಗೈರು ಹೆಂಗೆ ಹಾಕ್ತೀರಿ?" ಎಂದು ಕೇಳಿದ್ದು, ಪಕ್ಕದ ಮನೆಯವರನ್ನೂ ಕರೆತಂದಿರುತ್ತಾರೆ. ಪಕ್ಕದ ಮನೆಯವರ ಹೇಳಿಕೆಯ ಆಧಾರದ ಮೇಲೆ ಹಾಜರಿ ನೀಡಲಾಗಿದೆ. ಮುಂದಿನ ದಿನಗಳಲ್ಲಿ ಇದನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ.

4. ವಿಡಿಯೊದಲ್ಲಿ ಹಿಂದಿನ ಬೆಂಚಿನವರನ್ನು ಗದರಿಸತಕ್ಕದ್ದಲ್ಲ. ನ್ಯಾಮತಿ ತಾಲ್ಲೂಕಿನ ಸಾಯಿಮಾ ಮೇಡಂ ಅವರು ಜಲಚಕ್ರದ ಪಾಠದ ನಡುವೆ ಅಭ್ಯಾಸಬಲದಿಂದ "ಏಯ್, ಹಿಂದೆ ಕೂತಿರೋರು, ಪಿಸಿಪಿಸಿ ನಿಲ್ಸಿ, ನಂಗೆಲ್ಲಾ ಕಾಣ್ತೈತೆ" ಎಂದಿರುತ್ತಾರೆ. ಆ ಸಮಯದಲ್ಲಿ ಒಂದು ಮನೆಯಲ್ಲಿ ವಿದ್ಯಾರ್ಥಿಯ ಹಿಂದೆ ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯ ಮೂವರು ಕುಳಿತು ತಮ್ಮತಮ್ಮಲ್ಲೇ ಮಾತನಾಡುತ್ತಿದ್ದರು. ಮೂವರೂ ಎದ್ದು ನಿಂತಿರುತ್ತಾರೆ. ಸಂಬಂಧ ಮುರಿದಿಲ್ಲ; ಚಹಾ ಮಾತ್ರ ಹಾಗೆಯೇ ಉಳಿದಿದೆ.

5. ವಿಡಿಯೊಗಳನ್ನು ಜೋಡಿಸಿಕೊಡುವ ಕೆಲಸವನ್ನು ನಾಲ್ಕು ತಾಲ್ಲೂಕುಗಳ ಹೆಚ್ಚಿನ ಶಿಕ್ಷಕರು ಚನ್ನಗಿರಿ ಬಸ್ ನಿಲ್ದಾಣದ ಬಳಿ ಮದುವೆ ವಿಡಿಯೊ ಮಾಡುವ ಖಲೀಲ್ ಎಂಬವರಿಗೆ ಒಪ್ಪಿಸಿರುತ್ತಾರೆ. ಇದರಿಂದ "ಜೀರ್ಣಾಂಗಗಳು" ಎಂಬ ಪಾಠವು ಎರಡು ಹೃದಯಗಳು ಒಂದಾಗುವುದರೊಂದಿಗೆ ಆರಂಭವಾಗಿದ್ದು, ಸಣ್ಣ ಕರುಳಿನ ಮೇಲೆ ಗುಲಾಬಿ ಪಕಳೆಗಳು ಉದುರಿರುತ್ತವೆ. ಮುಖ್ಯ ಶಿಕ್ಷಕರ ಮುಖವು ಚಂದ್ರನೊಳಗೆ ತಿರುಗಿರುತ್ತದೆ. ಖಲೀಲ್ ಅವರ ಹೇಳಿಕೆ: "ನನ್ ಹತ್ರ ಇರೋದೇ ಮದುವೆ ಟೆಂಪ್ಲೇಟು ಮೇಡಂ. ಪಾಠದ್ದು ಇಲ್ಲೀತನ್ಕ ಯಾರೂ ಕೇಳಿಲ್ಲ. ಮದುವೇದು ಬ್ಯಾಡ ಅಂದ್ರೆ ನಾಮಕರಣದ್ದು ಐತೆ, ಹಾಕ್ಕೊಡ್ಲಾ?"
ಪರಿಶೀಲಿಸಿ ನಾಮಕರಣದ ಟೆಂಪ್ಲೇಟನ್ನು ಅನುಮೋದಿಸಲಾಗಿದೆ. ತೊಟ್ಟಿಲು ಎರಡು ಸಲಕ್ಕಿಂತ ಹೆಚ್ಚು ತೂಗತಕ್ಕದ್ದಲ್ಲ.

6. ಈಗ ಅಡಿಕೆ ಸುಗ್ಗಿ ಇರುವುದರಿಂದ ಸಂಜೆ ಹೊತ್ತು ಮನೆಯ ಮೊಬೈಲು ತಾಯಂದಿರ ಜೊತೆ ಸುಲಿಯುವ ಶೆಡ್ಡಿನಲ್ಲಿ ಇರುತ್ತದೆ ಎಂಬುದನ್ನು ಮೇಲಿನ ಕಚೇರಿಯು ಗಮನಿಸಿರುವುದಿಲ್ಲ. ಶ್ರೀ ತಿಮ್ಮೇಶ್ ಅವರ ಶಾಲೆಯ ಊರಿನಲ್ಲಿ ಮೊಬೈಲನ್ನು ಅಡಿಕೆ ಬುಟ್ಟಿಗೆ ಆನಿಸಿಟ್ಟು, ಹತ್ತೊಂಬತ್ತು ಮಹಿಳೆಯರು ಸುಲಿಯುತ್ತ ಸುಲಿಯುತ್ತ ಭಿನ್ನರಾಶಿಯ ಆರು ವಿಡಿಯೊಗಳನ್ನು ನೋಡಿ ಮುಗಿಸಿರುತ್ತಾರೆ. ಅದೇ ಅವಧಿಯಲ್ಲಿ ಮಕ್ಕಳು ಶೆಡ್ಡಿನ ಹಿಂದೆ ಲಗೋರಿ ಆಡಿರುತ್ತಾರೆ. ಮರುದಿನ ತರಗತಿಯಲ್ಲಿ ಪಾಠ ಯಾರು ನೋಡಿದಿರಿ ಎಂದು ಕೇಳಲಾಗಿ, ಮಕ್ಕಳು ಒಕ್ಕೊರಲಿನಿಂದ "ನಮ್ಮಜ್ಜಿ ನೋಡ್ಯಾಳೆ ಸಾರ್" ಎಂದು ಉತ್ತರಿಸಿದ್ದು, ಸದರಿ ಶಿಕ್ಷಕರು "ಹಂಗಾದ್ರೆ ಅಜ್ಜೀನೇ ಕರ್ಕಂಡು ಬರ್ರಿ" ಎಂದಿರುತ್ತಾರೆ. ಅವರು ತಮಾಷೆಗೆ ಅಂದದ್ದು. ಮರುದಿನ ಹನ್ನೊಂದು ಅಜ್ಜಿಯರು ಶಾಲೆಗೆ ಹಾಜರಾಗಿರುತ್ತಾರೆ.
ಈ ಬಗ್ಗೆ ನಿಯಮವಿಲ್ಲದಿರುವುದರಿಂದ ಈಗ ಮಾಡಲಾಗಿದೆ:
(ಅ) ಅಜ್ಜಿಯರು ತಮ್ಮ ಮೊಮ್ಮಕ್ಕಳ ಪಕ್ಕದಲ್ಲೇ ಕೂರತಕ್ಕದ್ದು. ಮೊಮ್ಮಗ ತಪ್ಪು ಮಾಡಿದಾಗ ಬೇರೆಯವರ ಮೊಮ್ಮಗನನ್ನು ತೋರಿಸತಕ್ಕದ್ದಲ್ಲ.
(ಆ) ತಟ್ಟೆ ತಂದಲ್ಲಿ ಬಿಸಿಯೂಟ ನೀಡಬಹುದು. ಸಾಂಬಾರಿನ ಬಗ್ಗೆ ಅಡುಗೆಯವರಿಗೆ ಸಲಹೆ ನೀಡುವುದನ್ನು ನಿಷೇಧಿಸಲಾಗಿದೆ.
(ಇ) ಎಲೆ ಅಡಿಕೆ ಹಾಕಿಕೊಂಡಿರುವ ಅಜ್ಜಿಯನ್ನು ಪ್ರಶ್ನೆ ಕೇಳತಕ್ಕದ್ದಲ್ಲ.
(ಈ) ಶೂ ಮತ್ತು ಸಾಕ್ಸ್‌ಗೆ ಅಜ್ಜಿಯರು ಅರ್ಹರಾಗಿರುವುದಿಲ್ಲ.
ಇದಾದ ನಂತರ ಸದರಿ ಶಾಲೆಯ ಗಣಿತದ ಕಲಿಕಾ ಮಟ್ಟವು ಗಣನೀಯವಾಗಿ ಏರಿರುತ್ತದೆ. ಅದನ್ನು ಯಾವ ಕಾಲಂನಲ್ಲಿ ತೋರಿಸಬೇಕೆಂದು ತಿಳಿಯದ ಕಾರಣ ವರದಿ ಮಾಡಿರುವುದಿಲ್ಲ.

7. "ಸ್ಥಳೀಯ ವಸ್ತುಗಳನ್ನು ಬಳಸಿ ಪಾಠ ಮಾಡಿ" ಎಂದು ತರಬೇತಿಯಲ್ಲಿ ತಿಳಿಸಿದ್ದರಿಂದ ಶಿಕ್ಷಕರು ಊರವರ ಮನೆಗಳಿಂದ ನೂರಾ ಇಪ್ಪತ್ತೆರಡು ವಸ್ತುಗಳನ್ನು ಎರವಲು ತಂದಿರುತ್ತಾರೆ. ಇವುಗಳಲ್ಲಿ ಒಂದು ಒರಳುಕಲ್ಲು, ಒಂದು ಕೊಟ್ಟಿಗೆಯ ಬಾಗಿಲು (ಕರಿಹಲಗೆಯಾಗಿ ಬಳಸಲು, ಎಮ್ಮೆ ಎರಡು ದಿನ ಸಿಕ್ಕಿರಲಿಲ್ಲ) ಮತ್ತು ಒಂದು ಹುಂಜ ಸೇರಿರುತ್ತವೆ. ಎಲ್ಲದಕ್ಕೂ ಬಿಳಿ ಬಣ್ಣದಲ್ಲಿ ದಾಸ್ತಾನು ಸಂಖ್ಯೆ ಬರೆಸಲಾಗಿತ್ತು. ಹುಂಜವು ಸಂಖ್ಯೆ 57. "ಪಕ್ಷಿಗಳ ಲಕ್ಷಣಗಳು" ಪಾಠಕ್ಕೆಂದು ತಂದ ಸದರಿ ಹುಂಜವು ತರಬೇತಿಯ ಮೂರನೇ ದಿನದ ಮಧ್ಯಾಹ್ನದ ಊಟದ ನಂತರ ಕಂಡುಬಂದಿರುವುದಿಲ್ಲ. ಅಂದಿನ ಊಟ ಚೆನ್ನಾಗಿತ್ತೆಂದು ಎಲ್ಲ ಶಿಕ್ಷಕರೂ ಅನಿಸಿಕೆ ಪತ್ರದಲ್ಲಿ ಬರೆದಿರುತ್ತಾರೆ.
ಇನ್ನು ಮುಂದೆ ಜೀವಂತ ಉಪಕರಣಗಳನ್ನು ಜೀವಂತವಾಗಿಯೇ ಹಿಂದಿರುಗಿಸತಕ್ಕದ್ದು.

8. ಶ್ರೀ ತಿಮ್ಮೇಶ್ ಅವರ ಭಿನ್ನರಾಶಿ ವಿಡಿಯೊ ಸಂಖ್ಯೆ 4ರ ಬಗ್ಗೆ. ಒಂದು ಸೇರಿಗೆ ನಾಲ್ಕು ಪಾವು ಎಂಬುದನ್ನು ತೋರಿಸಿ, ನಾಲ್ಕು ಕಾಲು ಸೇರಿದರೆ ಒಂದು ಎಂದು ಕಲಿಸುವುದು ಇದರ ಉದ್ದೇಶವಾಗಿತ್ತು. ವಿಡಿಯೊದಲ್ಲಿ ಕೇಳಿಬರುವ ಮಾತುಗಳು ಹೀಗಿರುತ್ತವೆ:
ಶಿಕ್ಷಕರು: "ನೋಡ್ರಪ್ಪಾ, ಇದು ಕಲ್ಲಮ್ಮಜ್ಜಿ ಸೇರು. ಇದಕ್ಕೇನಾದ್ರೂ ಆದ್ರೆ ನಂಗೂ ಆಗ್ತದೆ. ಇದು ಪಾವು. ಅಜ್ಜಿ, ಅಕ್ಕಿ ಹಾಕ್ರಿ. ಒಂದು. ಎರಡು. ಮೂರು. ಅಯ್ಯೋ, ಮೂರಕ್ಕೇ ತುಂಬೇ ಬಿಡ್ತಲ್ರೀ!"
ಕಲ್ಲಮ್ಮ: "ತುಂಬ್ಲಿ ಬಿಡ್ರಿ."
ಶಿಕ್ಷಕರು: "ಪಾವಿನ ಮ್ಯಾಲೆ ಅಷ್ಟೆತ್ರ ಗುಡ್ಡೆ ಹಾಕಿದ್ರೆ ಹೆಂಗಜ್ಜಿ? ಮಟ್ಟವಾಗಿ ಅಳೀಬೇಕು."
ಕಲ್ಲಮ್ಮ: "ಕೊಡ್ತಿರೋದು ಮಕ್ಕಳಿಗೆ ಮೇಷ್ಟ್ರೇ. ಮಟ್ಟ ಮಾಡಿ ಕೊಟ್ರೆ ಊರಾಗೆ ಮುಖ ಹೆಂಗೆ ತೋರ್ಸಾದು?"
ಇದಾದ ಮೇಲೆ ವಿಡಿಯೊದಲ್ಲಿ ಶಿಕ್ಷಕರು ನಲವತ್ತು ಸೆಕೆಂಡು ನಕ್ಕಿರುತ್ತಾರೆ. ಆ ಭಾಗವನ್ನು ತೆಗೆಯಲು ಖಲೀಲ್ ಅವರಿಗೆ ಹೇಳಿದ್ದು, ಅವರು ತೆಗೆದಿರುವುದಿಲ್ಲ.
ಪರಿಣಾಮವಾಗಿ, ಕಿರುಪರೀಕ್ಷೆಯಲ್ಲಿ "ನಾಲ್ಕು ಕಾಲುಗಳು ಸೇರಿದರೆ ಎಷ್ಟು?" ಎಂಬ ಪ್ರಶ್ನೆಗೆ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೆರಡು ಮಕ್ಕಳು "ಅದು ಅಳೆಯುವವರ ಮೇಲೆ ಹೋಗುತ್ತದೆ" ಎಂದು ಬರೆದಿರುತ್ತಾರೆ. ಈ ಭಾಗದಲ್ಲಿ ಇನ್ನೊಬ್ಬರಿಗೆ ಕೊಡುವಾಗ ಯಾರೂ ಪಾವನ್ನು ಮಟ್ಟವಾಗಿ ಅಳೆಯುವುದಿಲ್ಲವೆಂಬುದನ್ನು ಈ ಕಚೇರಿಯು ವಿಚಾರಿಸಿ ಖಚಿತಪಡಿಸಿಕೊಂಡಿದೆ. ಮೇಲಿನ ಕಚೇರಿಯಿಂದ ನಿರ್ದೇಶನ ಬರುವವರೆಗೆ ಎರಡೂ ಉತ್ತರಗಳಿಗೆ ಪೂರ್ಣ ಅಂಕ ನೀಡತಕ್ಕದ್ದು. ನಗುವಿನ ಭಾಗವನ್ನು ತೆಗೆಯುವ ಅಗತ್ಯವಿರುವುದಿಲ್ಲ.

9. ಸೇರು ಉಪಕರಣ ಸಂಖ್ಯೆ 114 ಆದ ಬಗೆ. ಸೆಪ್ಟೆಂಬರ್‌ನಲ್ಲಿ ನಡೆದ ಕಲಿಕೋಪಕರಣಗಳ ಪ್ರದರ್ಶನದಲ್ಲಿ ಸದರಿ ಸೇರಿಗೆ ಎರಡನೇ ಬಹುಮಾನ ಬಂದಿರುತ್ತದೆ. (ಮೊದಲ ಬಹುಮಾನ ಕೊಟ್ಟಿಗೆಯ ಬಾಗಿಲಿಗೆ.) ಬಹುಮಾನಿತ ವಸ್ತುಗಳು ಘಟಕದ ಸ್ವತ್ತಾಗುತ್ತವೆ ಎಂಬ ನಿಯಮವನ್ನು ಬಹುಮಾನ ಕೊಟ್ಟ ಮೇಲೆ ಓದಲಾಗಿದ್ದು, ಅಂದೇ ಬೀರುವಿಗೆ ಹಾಕಿ ಬೀಗ ಹಾಕಲಾಗಿದೆ.
ಸೇರನ್ನು ಬಿಟ್ಟುಕೊಡಬೇಕೆಂದು ಶ್ರೀ ತಿಮ್ಮೇಶ್ ಅವರು 27-10-2025ರಂದು ಮನವಿ ಸಲ್ಲಿಸಿದ್ದರು. ಮನವಿಯು ನಿಗದಿತ ನಮೂನೆಯಲ್ಲಿ ಇಲ್ಲದ ಕಾರಣ ಅದನ್ನು 29-10-2025ರಂದು ಹಿಂದಿರುಗಿಸಲಾಯಿತು. ಹಿಂದಿರುಗಿಸಿದವರು ಕೆಳಸಹಿದಾರರು. ಅದೇ ದಿನ ಸಂಜೆ ಸದರಿ ಶಿಕ್ಷಕರು ಮನೆಯಲ್ಲಿ, ಕೈಕಾಲು ತೊಳೆದುಕೊಂಡು ಬಂದು, ನಿಗದಿತ ನಮೂನೆ ಎಲ್ಲಿ ಸಿಗುತ್ತದೆ ಎಂದು ಕೇಳಿರುತ್ತಾರೆ. ಕಚೇರಿ ವೇಳೆಯಲ್ಲಿ ಬರಲು ಸೂಚಿಸಲಾಯಿತು. "ಆಯ್ತು ಮೇಡಂ, ಕಚೇರಿ ವೇಳೇಲೇ ಬರ್ತೀನಿ. ಈಗ ಅನ್ನ ಬಡಿಸ್ತೀರಾ, ಇಲ್ಲ ಅದಕ್ಕೂ ನಮೂನೆ ಐತಾ?" ಎಂದು ಸದರಿಯವರು ಕೇಳಿದ್ದರು. ಬಡಿಸಲಾಯಿತು. ಕಚೇರಿ ವೇಳೆಯಲ್ಲಿ ಬರಲು ಅವರಿಗೆ ಆಗಿರುವುದಿಲ್ಲ.
ಇಂದು ಸದರಿ ನಮೂನೆಯನ್ನು ಮೂರು ಬೀರು ಹಾಗೂ ಒಂದು ಪೆಟ್ಟಿಗೆಯಲ್ಲಿ ಹುಡುಕಲಾಗಿ, ಅಂತಹ ನಮೂನೆಯು ಈ ಕಚೇರಿಯಲ್ಲಿ ಎಂದೂ ಇರಲಿಲ್ಲವೆಂದು ತಿಳಿದುಬಂದಿರುತ್ತದೆ.

10. ಕೆಳಸಹಿದಾರರು ಕೊಠಡಿಗೆ ಬಂದಾಗ ಸಿಬ್ಬಂದಿಯವರು ಮಾತು ನಿಲ್ಲಿಸುವುದು, ಚಹಾದ ಲೋಟವನ್ನು ಸದ್ದಾಗದಂತೆ ಇಡುವುದು, ಸ್ಟೇಪ್ಲರನ್ನು ಮೆಲ್ಲಗೆ ಒತ್ತುವುದು ಇತ್ಯಾದಿಗಳನ್ನು ಈ ಮೂಲಕ ನಿಷೇಧಿಸಲಾಗಿದೆ. ಮೆಲ್ಲಗೆ ಒತ್ತಿದ ಸ್ಟೇಪ್ಲರಿನಿಂದ ಇಂದು ನಾಲ್ಕು ಕಡತಗಳು ಬಿಡಿಬಿಡಿಯಾಗಿರುತ್ತವೆ. ಈ ಅಂಶದೊಂದಿಗೆ ಅಂಶಗಳ ಸಂಖ್ಯೆ ಹತ್ತು ಆಗಿದ್ದು, ಇದು ಸುತ್ತೋಲೆ ಎನಿಸಿಕೊಳ್ಳಲು ಅರ್ಹವಾಗಿರುತ್ತದೆ.

11. ಆದುದರಿಂದ ದಾಸ್ತಾನು ನಿಯಮ 6ನ್ನು ಈ ಕೆಳಗಿನಂತೆ ತಿದ್ದುಪಡಿ ಮಾಡಲಾಗಿದೆ: "ಎರವಲು ತಂದ ವಸ್ತುವನ್ನು ಪಡೆದವರೇ ಖುದ್ದಾಗಿ ಹಿಂದಿರುಗಿಸತಕ್ಕದ್ದು; ಪಡೆದವರು ವರ್ಗಾವಣೆ, ನಿವೃತ್ತಿ, ಚುನಾವಣಾ ಕರ್ತವ್ಯ ಅಥವಾ ಮರಣದ ಕಾರಣ ಬರಲಾಗದಿದ್ದಲ್ಲಿ ಅವರ ಮನೆಯವರು ಹಿಂದಿರುಗಿಸಬಹುದು." ಸದರಿ ವಸ್ತುವಿಗೆ ಬಹುಮಾನ ಬಂದಿದ್ದರೂ ಇದೇ ನಿಯಮ ಅನ್ವಯಿಸತಕ್ಕದ್ದು. ಮೊದಲ ಮೂರು ಕಾರಣಗಳಿಗೆ ದಾಖಲೆ ಲಗತ್ತಿಸತಕ್ಕದ್ದು. ನಾಲ್ಕನೆಯದಕ್ಕೆ ಸಂಬಂಧಪಟ್ಟಂತೆ ಈ ಕಚೇರಿಗೆ ಮಾಹಿತಿ ಇದೆ.

12. ಇಲಾಖೆಯ ಸ್ವತ್ತನ್ನು ಕಾಲಿನಿಂದ ಒದೆಯುವುದು ಶಿಸ್ತು ಕ್ರಮಕ್ಕೆ ಒಳಪಡುತ್ತದೆ. ಆದರೆ ಅಕ್ಕಿ ತುಂಬಿದ ಸೇರನ್ನು, ಹೊಸ್ತಿಲ ಮೇಲೆ, ಬಲಗಾಲಿನಿಂದ ಒದೆಯುವ ಹೊಸ ಮದುಮಗಳಿಗೆ ಈ ನಿಯಮದಿಂದ ವಿನಾಯಿತಿ ನೀಡಲಾಗಿದೆ. ವಿನಾಯಿತಿಯು ಒಂದು ಸಲಕ್ಕೆ ಮಾತ್ರ ಅನ್ವಯಿಸುತ್ತದೆ. ಅಕ್ಕಿಯು ಎಷ್ಟು ದೂರ ಚೆಲ್ಲಬೇಕೆಂಬ ಬಗ್ಗೆ ನಿಯಮ ಇರುವುದಿಲ್ಲ. (ಕೆಳಸಹಿದಾರರು ಮೂರು ವರ್ಷಗಳ ಹಿಂದೆ ಒದ್ದದ್ದು ಕಲ್ಯಾಣ ಮಂಟಪದವರ ಸ್ಟೀಲ್ ಲೋಟವಾಗಿತ್ತು. ಅಕ್ಕಿ ಬಹಳ ದೂರ ಹೋಗಲಿಲ್ಲ.)
ಸೇರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುವ 114 ಎಂಬ ಸಂಖ್ಯೆಯನ್ನು ಉಜ್ಜಿ ನೋಡಲಾಗಿದೆ, ಹೋಗಿರುವುದಿಲ್ಲ. ಈ ಬಗ್ಗೆ ಕಲ್ಲಮ್ಮ ಅವರ ಅಭಿಪ್ರಾಯ ಕೇಳಲಾಗಿ, "ಇದ್ರೆ ಇರ್ಲಿ ಬಿಡು ತಾಯಿ. ನಮ್ಮೂರ ಬಸ್ಸಿಗೂ ನಂಬರ್ ಐತೆ, ಹತ್ತಾದು ಬಿಟ್ಟೀವಾ?" ಎಂದಿರುತ್ತಾರೆ.

13. ಸೇರನ್ನು ಇಲ್ಲಿಯೇ ಈಗಲೇ ತೆಗೆದುಕೊಂಡು ಹೋಗಬಹುದೆಂದು ಕಲ್ಲಮ್ಮ ಅವರಿಗೆ ತಿಳಿಸಲಾಯಿತು. ಒಪ್ಪಿರುವುದಿಲ್ಲ. ಮನೆಗೆ ಬಂದು ಇಸಿದುಕೊಂಡು ಹೋದದ್ದು ಮನೆಗೇ ಬರಬೇಕು, ತಮ್ಮ ಸೇರನ್ನು ತಾವೇ ಹೊತ್ತುಕೊಂಡು ಹೋಗುವುದು ಪದ್ಧತಿಯಲ್ಲ ಎಂದಿರುತ್ತಾರೆ. ಆಗ ಕಚೇರಿಯ ಅಟೆಂಡರ್ ಬಸವರಾಜ್ ಅವರು, "ಮೇಡಂ, ನಾನೇ ಕೊಟ್ಟು ಬರ್ತೀನಿ ಬಿಡ್ರಿ. ಅದು ಮದುವೆ ಮನೆ, ನೀವು ಈ ಟೈಮಿನಾಗೆ..." ಎಂದಿದ್ದು, ವಾಕ್ಯವು ಅಪೂರ್ಣವಾಗಿರುವುದರಿಂದ ಅದನ್ನು ಕಡತಕ್ಕೆ ಪರಿಗಣಿಸಿರುವುದಿಲ್ಲ. ಆದರೆ ಕಲ್ಲಮ್ಮ ಅವರು ಅದನ್ನು ಪೂರ್ಣವಾಗಿಯೇ ಪರಿಗಣಿಸಿ ಹೀಗೆ ಉತ್ತರಿಸಿರುತ್ತಾರೆ:
"ಇಸ್ಕೊಂಡೋಗಿದ್ದು ಗಂಡ, ತಂದುಕೊಡಾದು ಹೆಂಡ್ತಿ. ಇದರಾಗೆ ನಿಂದೇನು ಪಂಚಾಯ್ತಿ ಬಸಣ್ಣ? ಸೇರು ಒದ್ದು ಬರೋಳು ನಮ್ಮನೆ ಸೊಸೆ. ಅದನ್ನ ಯಾರ ಕೈಯಿಂದ ಇಸ್ಕೊಬೇಕು ಅನ್ನಾದು ನಂಗೆ ಗೊತ್ತೈತೆ. ನೀನೇ ಬಾ ತಾಯಿ. ಬಂದು ನನ್ನ ಹೊಸ್ತಿಲ ಮ್ಯಾಲೆ ಇಡು."
ಇಷ್ಟು ಹೇಳಿ ಹನ್ನೊಂದು ಗಂಟೆಯ ಬಸ್ಸಿಗೆ ಹೊರಟಿರುತ್ತಾರೆ. ಕೆಳಸಹಿದಾರರೇ ಹೋಗುವುದಕ್ಕೆ ಈ ಕಚೇರಿಯ ಯಾವ ನಿಯಮದಲ್ಲೂ ಅಡ್ಡಿ ಕಂಡುಬರುವುದಿಲ್ಲ. ಬೇರೆ ನಿಯಮಗಳು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

14. ನಿಗದಿತ ನಮೂನೆಯನ್ನು ಇಂದು ಸಿದ್ಧಪಡಿಸಿ, ಮಾದರಿಗಾಗಿ ಒಂದನ್ನು ಭರ್ತಿ ಮಾಡಿ ಕೆಳಗೆ ನೀಡಲಾಗಿದೆ. ನಾಲ್ಕು ತಾಲ್ಲೂಕುಗಳ ಶಿಕ್ಷಕರು ಇದರಂತೆಯೇ ಭರ್ತಿ ಮಾಡತಕ್ಕದ್ದು.

ನಮೂನೆ 1: ಎರವಲು ವಸ್ತುವಿನ ವಾಪಸಾತಿ
ವಸ್ತು: ಹಿತ್ತಾಳೆ ಸೇರು, ಒಂದು
ಸ್ಥಿತಿ: ಕಂಠದ ಹತ್ತಿರ ನೆಗ್ಗಿದೆ (ಮೂರು ತಲೆಮಾರಿನ ಹಿಂದಿನದು, ಶಿಕ್ಷಕರು ಹೊಣೆಯಲ್ಲ)
ಪಡೆದವರು: ತಿಮ್ಮೇಶ್, ಗಣಿತ ಶಿಕ್ಷಕರು
ಪಡೆದ ಉದ್ದೇಶ: ನಾಲ್ಕು ಕಾಲು ಸೇರಿದರೆ ಒಂದು ಎಂದು ತೋರಿಸಲು
ಉದ್ದೇಶ ಈಡೇರಿದೆಯೇ: ಇಲ್ಲ
ಹಿಂದಿರುಗಿಸುವವರು: ರೂಪಶ್ರೀ
ಪಡೆದವರಿಗೆ ಸಂಬಂಧ: ಪತ್ನಿ
ಪಡೆದವರು ಬಾರದಿರಲು ಕಾರಣ: ಅಂಶ 11, ನಾಲ್ಕನೆಯದು
ವಿಳಂಬಕ್ಕೆ ಕಾರಣ: ಕೆಳಸಹಿದಾರರು

ಈ ಸುತ್ತೋಲೆಯು ತಕ್ಷಣದಿಂದ ಜಾರಿಗೆ ಬರುತ್ತದೆ. ಇದನ್ನು ಎಂಟು ನಿಮಿಷದ ವಿಡಿಯೊ ಮಾಡಿ ಶಿಕ್ಷಕರ ಗುಂಪಿಗೆ ಹಾಕಲಾಗುವುದು. ಮನೆಯಲ್ಲಿ ನೋಡಿಕೊಂಡು ಬರತಕ್ಕದ್ದು.

ಸಹಿ/-
(ರೂಪಶ್ರೀ)
ಸಂಪನ್ಮೂಲ ವ್ಯಕ್ತಿ ಹಾಗೂ ಪ್ರಭಾರ ಮುಖ್ಯಸ್ಥರು
ನಾಲ್ಕು ತಾಲ್ಲೂಕುಗಳ ಶಿಕ್ಷಕರ ತರಬೇತಿ ಘಟಕ, ಚನ್ನಗಿರಿ
(ಮುಖ್ಯಸ್ಥರು ಸಮಯ ನಿರ್ವಹಣೆ ಕುರಿತ ತರಬೇತಿಗೆ ಹೋಗಿದ್ದು, ಹಿಂದಿರುಗಬೇಕಾದ ದಿನ ಕಳೆದು ಒಂದು ವಾರವಾಗಿರುತ್ತದೆ.)

ಪ್ರತಿಗಳು:
1. ಮೇಲಿನ ಕಚೇರಿಗೆ, ಮಾಹಿತಿಗಾಗಿ. ಅಂಶಗಳು ಹದಿನಾಲ್ಕು ಇರುವುದನ್ನು ಎಣಿಸಿಕೊಳ್ಳಲು ಕೋರಿದೆ.
2. ನಾಲ್ಕು ತಾಲ್ಲೂಕುಗಳ ಎಲ್ಲ ಮುಖ್ಯ ಶಿಕ್ಷಕರಿಗೆ, ಅಗತ್ಯ ಕ್ರಮಕ್ಕಾಗಿ.
3. ಶ್ರೀ ಚಿತ್ತಪ್ಪ, ಜಗಳೂರು ತಾಲ್ಲೂಕು, ಇವರಿಗೆ. ಸ್ವಾಗತ ಭಾಷಣವಿಲ್ಲದೆ ಓದಿಕೊಳ್ಳಲು.
4. ಶ್ರೀ ಖಲೀಲ್, ಬಸ್ ನಿಲ್ದಾಣದ ಹತ್ತಿರ, ಇವರಿಗೆ. ವಿಡಿಯೊ ಸಂಖ್ಯೆ 4ರ ಒಂದು ಪ್ರತಿಯನ್ನು, ಏನನ್ನೂ ತೆಗೆಯದೆ, ಕೆಳಸಹಿದಾರರ ಸ್ವಂತ ಮೊಬೈಲಿಗೆ ಕಳಿಸಲು.
5. ಹುಂಜ ಸಂಖ್ಯೆ 57ರ ಮಾಲೀಕರಿಗೆ, ವಿಷಾದದೊಂದಿಗೆ.
6. ಶ್ರೀ ಬಸವರಾಜ್, ಅಟೆಂಡರ್, ಇವರಿಗೆ. ಸ್ಟೇಪ್ಲರಿನ ಬಗ್ಗೆ.
7. ಶ್ರೀ ತಿಮ್ಮೇಶ್ ಅವರ ದಿನಾಂಕ 27-10-2025ರ ಮನವಿಯ ಕಡತಕ್ಕೆ. ಮನವಿಯನ್ನು ಪುರಸ್ಕರಿಸಲಾಗಿದೆ.
8. ಶ್ರೀಮತಿ ಕಲ್ಲಮ್ಮ ಅವರಿಗೆ. ಕಾಗದ ಬೇಡ, ಸೇರು ಸಾಕು ಎಂದಿರುವುದರಿಂದ ಸೇರು ಮಾತ್ರ. ಮುದ್ದಾಂ (ಖುದ್ದು ಕೈಯಿಂದ), ಇಂದು ನಾಲ್ಕು ಗಂಟೆಯ ಬಸ್ಸಿಗೆ.

(ಕಚೇರಿ ಪ್ರತಿಯಲ್ಲಿ ಪೆನ್ನಿನಿಂದ ಸೇರಿಸಿದ್ದು: ಸಂಜೆ 5-10ಕ್ಕೆ ಸೇರನ್ನು ಹೊಸ್ತಿಲ ಮೇಲೆ ಇಡಲಾಯಿತು. ಸ್ವೀಕೃತಿಗೆ ಕಲ್ಲಮ್ಮ ಅವರ ಎಡಗೈ ಹೆಬ್ಬೆಟ್ಟು ಪಡೆಯಲಾಗಿದೆ. ಒಳಗೆ ಬಾ ಎಂದರು. ಹೋಗಲಾಯಿತು.)